ಉಪ್ಪಿನ ಚೀಲದ ಹಿಂದೆ ಸಿಕ್ಕ ಚಾಕು ಮತ್ತು ಕಮ್ಮಾರನ ಮಗ ಫ್ಯಾರಡೆ

ನನ್ನ ನಾನಾ ಹರಿಹರದವರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳ ಹೆಸರು ಎತ್ತಿದರೆ ಈಗಲೂ ಅವರ ಬೆನ್ನು ನೆಟ್ಟಗಾಗುತ್ತದೆ. ಈಗ ಕಾರ್ಖಾನೆ ಇಲ್ಲ. ನಾನಾರ ಬಳಿ ಉಳಿದಿರುವುದು ಒಂದು ಸಣ್ಣ ಟ್ರಂಕು, ಅದರೊಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ವರ್ನಿಯರ್ ಕ್ಯಾಲಿಪರ್, ಎರಡು ಅರ, ಒಂದು ಮೂಲೆಮಟ್ಟ. ಆ ಬಟ್ಟೆಯನ್ನು ಅವರು ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಮತ್ತೆ ಎಣ್ಣೆ ಹಚ್ಚಿ ಸುತ್ತುತ್ತಾರೆ. ಕೆಲಸಕ್ಕೆ ಬೇಕಾಗಿ ಅಲ್ಲ, ಸುಮ್ಮನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅದೇ ಟ್ರಂಕಿನಿಂದ ಒಂದು ಮಡಚುವ ಚಾಕು ತೆಗೆದು ಕೊಟ್ಟರು. ಬೆರಳುದ್ದದ ಅಲಗು, ಬುಡದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಎಂದು ಕೆತ್ತಿದ ಅಕ್ಷರ. ಅದನ್ನು ನಾನು ಜೇಬಿನಲ್ಲಿಟ್ಟುಕೊಂಡು ದಾವಣಗೆರೆಗೆ ಬಂದೆ. ರಜೆಯಲ್ಲಿ ಮಾಮುವಿನ ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯಲು ಹೋಗುತ್ತಿದ್ದಾಗ ಚೀಲದ ಹುರಿ ಕತ್ತರಿಸಲು ಅದೇ ಆಯುಧ. ನಮ್ಮೂರಿನವರಿಗೆ ಭಟ್ಟಿ ಎಂದರೆ ಏನೆಂದು ಹೇಳಬೇಕಿಲ್ಲ. ಹೊರಗಿನಿಂದ ಬಂದ ಹಾಸ್ಟೆಲ್ ಗೆಳೆಯರಿಗಾಗಿ ಹೇಳುತ್ತೇನೆ: ಮಂಡಕ್ಕಿಯ ಅಕ್ಕಿಗೆ ಉಪ್ಪುನೀರು ಬೆರೆಸಿ, ಆಮೇಲೆ ಕಾದ ಮರಳಿನಲ್ಲಿ ಹುರಿಯುತ್ತಾರೆ. ಅಲ್ಲಿ ನೆಲದಲ್ಲಿ ಉಪ್ಪು, ಗೋಡೆಯಲ್ಲಿ ಉಪ್ಪು, ಗಾಳಿಯಲ್ಲೂ ಉಪ್ಪು.

ಒಂದು ದಿನ ಚಾಕು ಕಾಣೆಯಾಯಿತು. ಒಂದು ಮಳೆಗಾಲ ಪೂರ್ತಿ ಕಳೆದ ಮೇಲೆ, ಉಪ್ಪಿನ ಚೀಲಗಳನ್ನು ಸರಿಸುವಾಗ ಗೋಡೆಯ ಸಂದಿಯಲ್ಲಿ ಸಿಕ್ಕಿತು. ಬಿಚ್ಚಲು ಹೋದರೆ ಬಿಚ್ಚಲಿಲ್ಲ. ಇಕ್ಕಳ ಹಾಕಿ ಎಳೆದಾಗ ಕರಕರ ಎಂದು ತೆರೆದುಕೊಂಡಿತು. ಅಲಗಿನ ಮೇಲೆ ಕಂದು ಕಲೆಗಳು. ಕೀಲಿನ ಬಳಿ ಸೂಜಿಯಿಂದ ಚುಚ್ಚಿದಂತೆ ಕಪ್ಪು ಕುಳಿಗಳು. ಸ್ಟೇನ್‌ಲೆಸ್ ಎಂಬ ಅಕ್ಷರಗಳ ಒಳಗೂ ತುಕ್ಕು ಕೂತಿತ್ತು! ಮೊದಲು ನಗು ಬಂತು. ಆಮೇಲೆ ನಾನಾರ ಎಣ್ಣೆ ಬಟ್ಟೆ ನೆನಪಾಗಿ ಹೊಟ್ಟೆಯಲ್ಲಿ ಕಲಸಿದಂತಾಯಿತು.

ಅದೇ ವಾರ ನಮಗೆ ಎಲೆಕ್ಟ್ರೋಕೆಮಿಸ್ಟ್ರಿ ಪಾಠ ನಡೆಯುತ್ತಿತ್ತು. ಆ ಪಾಠದ ನಡುವೆ ಫ್ಯಾರಡೆಯ ನಿಯಮಗಳು ಬರುತ್ತವೆ, ಕೊನೆಯಲ್ಲಿ ತುಕ್ಕಿನ ವಿಷಯ ಬರುತ್ತದೆ. ತುಕ್ಕು ಹಿಡಿಯದ ಉಕ್ಕಿಗೆ ತುಕ್ಕು ಏಕೆ ಹಿಡಿಯಿತು ಎಂದು ಕೇಳಿದಾಗ ನಮ್ಮ ಸರ್ ಉತ್ತರ ಹೇಳುವ ಬದಲು, ಫ್ಯಾರಡೆ ವಿದ್ಯುತ್ತಿಗೆ ಬರುವ ಮೊದಲು ಏನು ಮಾಡುತ್ತಿದ್ದ ಎಂದು ಓದಿಕೊಂಡು ಬಾ ಎಂದರು. ಓದಿದೆ. ಚಾಕು ಹಿಡಿದು ಹೊರಟವನಿಗೆ ಒಬ್ಬ ಮನುಷ್ಯನ ಜೀವನವೇ ಸಿಕ್ಕಿತು.

ಮೈಕೇಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರ. ಹಳ್ಳಿಯಲ್ಲಿ ಕೆಲಸ ಸಾಲದೆ ಪಟ್ಟಣಕ್ಕೆ ಬಂದವನು, ಬಂದ ಮೇಲೆ ಆರೋಗ್ಯ ಕೈಕೊಟ್ಟಿತು. ಕಬ್ಬಿಣ ಬಡಿಯಬೇಕಾದವನು ಹಾಸಿಗೆ ಹಿಡಿದರೆ ಮನೆಯ ಒಲೆಯ ಗತಿ ಏನಾಗುತ್ತದೆಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಒಂದು ಕಾಲದಲ್ಲಿ ಹುಡುಗ ಮೈಕೇಲನಿಗೆ ವಾರಕ್ಕೆ ಒಂದೇ ಬ್ರೆಡ್ಡು, ಅದನ್ನು ಏಳು ದಿನಕ್ಕೆ ಹಂಚಿಕೊಳ್ಳಬೇಕಿತ್ತು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ, ಅಷ್ಟೇ. ಮುಂದೆ ಜಗತ್ತಿನ ದೊಡ್ಡ ವಿಜ್ಞಾನಿಯಾದ ಮೇಲೂ ಅವನಿಗೆ ಗಣಿತ ಹೆಚ್ಚು ಬರುತ್ತಿರಲಿಲ್ಲ. ಗಣಿತದಲ್ಲಿ ಕಡಿಮೆ ಅಂಕ ತೆಗೆಯುವ ನನ್ನಂಥವರಿಗೆ ಇದು ಸಂತೋಷದ ಸುದ್ದಿ. ಆದರೆ ಸಂತೋಷ ಹೆಚ್ಚು ಹೊತ್ತು ಉಳಿಯುವುದಿಲ್ಲ. ಗಣಿತದ ಕೊರತೆಯನ್ನು ಅವನು ತುಂಬಿಸಿದ್ದು ಸಾವಿರಾರು ಪ್ರಯೋಗಗಳಿಂದ, ಪ್ರತಿಯೊಂದನ್ನೂ ನಂಬರು ಹಾಕಿ ದಿನಚರಿಯಲ್ಲಿ ಬರೆದಿಡುವುದರಿಂದ.

ಹದಿಮೂರನೇ ವಯಸ್ಸಿಗೆ ರೀಬೊ ಎಂಬವರ ಪುಸ್ತಕದಂಗಡಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದ. ಆಮೇಲೆ ಅಲ್ಲೇ ಏಳು ವರ್ಷ ಪುಸ್ತಕಕ್ಕೆ ರಟ್ಟು ಹಾಕುವ ಕಸುಬು. ಉಳಿದ ಹುಡುಗರು ರಟ್ಟು ಹಾಕಿದರು, ಇವನು ರಟ್ಟು ಹಾಕುತ್ತಾ ಒಳಗಿನದನ್ನೂ ಓದಿದ. ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಬರೆದಿದ್ದ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ, ಇವೇ ಅವನ ಪಿಯುಸಿ ಎನ್ನಬಹುದು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್‌ನಿಂದ ಹಂಫ್ರಿ ಡೇವಿಯ ಉಪನ್ಯಾಸ ಕೇಳುವ ಅವಕಾಶ ಸಿಕ್ಕಿತು. ಕೇಳಿದ್ದನ್ನೆಲ್ಲ ಚಿತ್ರ ಸಮೇತ ನೀಟಾಗಿ ಬರೆದು, ತಾನೇ ರಟ್ಟು ಹಾಕಿ ಡೇವಿಗೆ ಕಳಿಸಿದ. 1813ರ ಮಾರ್ಚ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಅದೇ ವರ್ಷ ಡೇವಿ ದಂಪತಿಯ ಜೊತೆ ಯೂರೋಪ್ ಪ್ರವಾಸ. ಡೇವಿಯ ಹೆಂಡತಿ ಅವನನ್ನು ಮನೆಯಾಳಿನಂತೆ ನಡೆಸಿಕೊಂಡಳು. ವಾಪಸ್ ಬಂದು ಮತ್ತೆ ಬಾಟಲಿ ತೊಳೆಯುವ ಕೆಲಸಕ್ಕೆ ನಿಂತ.

ಇಲ್ಲಿಂದ ಮುಂದೆ ನಮ್ಮ ಪಠ್ಯಪುಸ್ತಕ 1831ಕ್ಕೆ ಹಾರುತ್ತದೆ. ನಡುವಿನ ವರ್ಷಗಳ ಬಗ್ಗೆ ಅದರಲ್ಲಿ ಏನೂ ಇಲ್ಲ. ನನ್ನ ಚಾಕುವಿನ ಕಥೆ ಇರುವುದು ಆ ನಡುವಿನಲ್ಲೇ.

ಲಂಡನ್ನಿನಲ್ಲಿ ಜೇಮ್ಸ್ ಸ್ಟೋಡಾರ್ಟ್ ಎಂಬ ಹೆಸರಾಂತ ಚಾಕು ಕತ್ತರಿ ತಯಾರಕ ಇದ್ದ. ಶಸ್ತ್ರಚಿಕಿತ್ಸೆಯ ಅಲಗುಗಳನ್ನೂ ಮಾಡುತ್ತಿದ್ದ. ಅವನಿಗೆ ಭಾರತದಿಂದ ಬರುತ್ತಿದ್ದ ಒಂದು ಉಕ್ಕಿನ ಮೇಲೆ ಬಹಳ ಪ್ರೀತಿ. ಆ ಉಕ್ಕನ್ನು ಇಂಗ್ಲಿಷರು ವೂಟ್ಜ್ ಎನ್ನುತ್ತಿದ್ದರು. ಈ ಪದ ನಮ್ಮ ಕನ್ನಡದ ಉಕ್ಕು ಎಂಬುದರಿಂದಲೇ ಬಂದಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮೈಸೂರು ಸೀಮೆಯಲ್ಲಿ ಇದನ್ನು ಮಾಡುತ್ತಿದ್ದ ರೀತಿಯನ್ನು 1800ರ ಸುಮಾರಿಗೆ ಇಲ್ಲಿ ಸುತ್ತಾಡಿದ ಬುಕಾನನ್ ಬರೆದಿಟ್ಟಿದ್ದಾನೆ. ಮಧುಗಿರಿ ಸಮೀಪದ ಚನ್ನರಾಯನದುರ್ಗದಲ್ಲಿ ಅವನು ಇಂಥ ಕುಲುಮೆ ನೋಡಿದ್ದ. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ, ಗಂಟೆಗಟ್ಟಲೆ ಕಾಯಿಸುವುದು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಿನ ಗಟ್ಟಿ ಆಗುತ್ತಿತ್ತು. ಓದುಬರಹ ಬಾರದ ನಮ್ಮ ಕಮ್ಮಾರರು ತಂಗಡಿ ಗಿಡದಿಂದ ಮಾಡಿದ್ದನ್ನು ಲಂಡನ್ನಿನ ಪಂಡಿತರಿಗೆ ಮಾಡಲು ಬರುತ್ತಿರಲಿಲ್ಲ.

ಇದರ ಗುಟ್ಟು ಬಿಡಿಸಲು ಸ್ಟೋಡಾರ್ಟ್ 1818ರ ಹೊತ್ತಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಬಂದ. ಜೊತೆಗೆ ನಿಂತವನು ಇಪ್ಪತ್ತೇಳರ ಫ್ಯಾರಡೆ. ಕಮ್ಮಾರನ ಮಗ ತಿರುಗಿ ಕುಲುಮೆಗೇ ಬಂದ ಹಾಗಾಯಿತು. 1819ರಲ್ಲಿ ಭಾರತದ ಉಕ್ಕಿನ ವಿಶ್ಲೇಷಣೆ ಪ್ರಕಟಿಸಿದ. ಅದರ ಮೇಲೆ ಕಾಣುವ ನೀರಿನ ಅಲೆಯಂಥ ಗೆರೆಗಳಿಗೆ ಅಲ್ಯೂಮಿನಿಯಂ ಕಾರಣ ಎಂದ. ಅದು ತಪ್ಪು. ಕಾರಣ ಇಂಗಾಲ ಎಂದು ಆಮೇಲೆ ಗೊತ್ತಾಯಿತು. ಆದರೆ ತಪ್ಪು ಉತ್ತರದ ಬೆನ್ನು ಹತ್ತಿಯೇ ಅವನು ಉಕ್ಕಿಗೆ ಒಂದೊಂದು ಲೋಹವನ್ನೂ ಸೇರಿಸಿ ನೋಡಲು ಹೊರಟ: ಬೆಳ್ಳಿ, ನಿಕಲ್, ಪ್ಲಾಟಿನಂ, ರೋಡಿಯಂ, ಚಿನ್ನ, ಕ್ರೋಮಿಯಂ. ಬೇಕಾಗಿದ್ದದ್ದು ಎರಡು. ಒಂದು, ಒಳ್ಳೆಯ ಹರಿತ. ಇನ್ನೊಂದು, ತುಕ್ಕು ಹಿಡಿಯದ ಉಕ್ಕು.

ಈ ಪ್ರಯೋಗಗಳನ್ನು ಓದುವಾಗ ನಾನು ಚಾಕುವನ್ನು ಮರೆತೇಬಿಟ್ಟಿದ್ದೆ. ಬೆಳ್ಳಿ ಬೆರೆಸಿದರೆ ಅದು ಕರಗಿದಾಗ ಬೆರೆಯುತ್ತದೆ, ಆರುವಾಗ ಹನಿಹನಿಯಾಗಿ ಬೆವರಿನಂತೆ ಹೊರಗೆ ಬರುತ್ತದೆ. ಐನೂರರಲ್ಲಿ ಒಂದು ಪಾಲಿಗೆ ಇಳಿಸಿದಾಗ ಮಾತ್ರ ಒಳಗೆ ನಿಲ್ಲುತ್ತದೆ. ಪ್ಲಾಟಿನಂ ತುಕ್ಕು ಹಿಡಿಯದ ಲೋಹ, ಹಾಗಾಗಿ ಪ್ಲಾಟಿನಂ ಸೇರಿದ ಉಕ್ಕಿಗೂ ಬಲ ಬರಬೇಕಲ್ಲವೇ? ಆಮ್ಲದಲ್ಲಿ ಹಾಕಿ ನೋಡಿದರೆ ಮಾಮೂಲಿ ಉಕ್ಕಿಗಿಂತ ಎಷ್ಟೋ ಪಟ್ಟು ವೇಗವಾಗಿ ಕರಗಿತು. ಈಗ ನಮ್ಮ ಪಾಠ ಓದಿದವರಿಗೆ ಇದರ ಕಾರಣ ಹೊಳೆಯುತ್ತದೆ. ಪ್ಲಾಟಿನಂ ಕ್ಯಾಥೋಡ್ ಆಗಿ ಕೂತು, ಪಕ್ಕದ ಕಬ್ಬಿಣವನ್ನು ಆನೋಡ್ ಮಾಡಿ ತಿನ್ನಿಸಿತು. ಆದರೆ ಆಗ ಆನೋಡ್, ಕ್ಯಾಥೋಡ್ ಎಂಬ ಪದಗಳೇ ಹುಟ್ಟಿರಲಿಲ್ಲ. ಹದಿನಾಲ್ಕು ವರ್ಷ ಕಳೆದ ಮೇಲೆ ಅವನ್ನು ಬಳಕೆಗೆ ತಂದವನೂ ಇದೇ ಫ್ಯಾರಡೆ.

ಕ್ರೋಮಿಯಂ ಸರದಿಯೂ ಬಂತು. ಅವರು ಸೇರಿಸಿದ್ದು ನೂರಕ್ಕೆ ಒಂದು ಪಾಲು, ಇನ್ನೊಮ್ಮೆ ನೂರಕ್ಕೆ ಮೂರು ಪಾಲು. ಉಕ್ಕು ಗಟ್ಟಿಯಾಗಿತ್ತು, ಗೆರೆಗಳು ಚೆನ್ನಾಗಿ ಮೂಡಿದವು. 1822ರಲ್ಲಿ ಎಲ್ಲವನ್ನೂ ಬರೆದು ಪ್ರಕಟಿಸಿದರು. ಮೂರಕ್ಕೆ ನಿಂತರು. ಇಂದು ಒಂದು ಉಕ್ಕನ್ನು ಸ್ಟೇನ್‌ಲೆಸ್ ಎನ್ನಬೇಕಾದರೆ ಕನಿಷ್ಠ 10.5 ಪಾಲು ಕ್ರೋಮಿಯಂ ಬೇಕು. ಅಂದರೆ ಸರಿಯಾದ ದಾರಿಯಲ್ಲೇ ಹೋಗಿ ಮೂರನೇ ಒಂದು ಭಾಗವೂ ಮುಗಿಯುವ ಮುಂಚೆ ತಿರುಗಿ ಬಂದಂತಾಯಿತು. 1823ರಲ್ಲಿ ಸ್ಟೋಡಾರ್ಟ್ ತೀರಿಕೊಂಡ. ಅಲ್ಲಿಗೆ ಉಕ್ಕಿನ ಕೆಲಸ ನಿಂತಿತು. ತನ್ನ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದ, ಅಷ್ಟು ಉಳಿಯಿತು.

ತುಕ್ಕು ಮಾತ್ರ ಅವನನ್ನು ಬಿಡಲಿಲ್ಲ. 1823ರಲ್ಲಿ ಬ್ರಿಟಿಷ್ ನೌಕಾಪಡೆಯವರು ಹಡಗಿನ ತಳಕ್ಕೆ ಹೊಡೆದ ತಾಮ್ರದ ತಗಡು ಸಮುದ್ರದ ಉಪ್ಪುನೀರಿಗೆ ಸವೆಯುತ್ತಿದೆ ಎಂದು ಡೇವಿಯ ಹತ್ತಿರ ಬಂದಿದ್ದರು. ತಾಮ್ರಕ್ಕೆ ಸತುವಿನದೋ ಕಬ್ಬಿಣದ್ದೋ ಚಿಕ್ಕ ತುಂಡು ತಾಗಿಸಿದರೆ ಆ ತುಂಡು ಸವೆಯುತ್ತದೆ, ತಾಮ್ರ ಉಳಿಯುತ್ತದೆ ಎಂದು ಡೇವಿ ತೋರಿಸಿದ. ಈ ಪ್ರಯೋಗಗಳಲ್ಲಿ ಕೈ ಹಾಕಿದವರಲ್ಲಿ ಫ್ಯಾರಡೆಯೂ ಒಬ್ಬ. ನಮ್ಮ ಪುಸ್ತಕದಲ್ಲಿರುವ ಕ್ಯಾಥೋಡಿಕ್ ಪ್ರೊಟೆಕ್ಷನ್ ಇದೇ. ತಾಮ್ರ ಉಳಿಯಿತು ನಿಜ, ಆದರೆ ಹಡಗುಗಳು ನಿಧಾನವಾದವು! ಸ್ವಲ್ಪ ಸ್ವಲ್ಪ ಕರಗುತ್ತಿದ್ದ ತಾಮ್ರದ ವಿಷವೇ ಅಷ್ಟು ದಿನ ಚಿಪ್ಪುಹುಳು, ಪಾಚಿಗಳನ್ನು ದೂರ ಇಟ್ಟಿತ್ತು. ಅದು ನಿಂತ ಕೂಡಲೇ ಅವೆಲ್ಲ ತಳಕ್ಕೆ ಬಂದು ಅಂಟಿದವು. ನೌಕಾಪಡೆ ಯೋಜನೆ ಕೈಬಿಟ್ಟಿತು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಸುತ್ತಿದ ತಂತಿಯಲ್ಲಿ ವಿದ್ಯುತ್ಕಾಂತ ಪ್ರೇರಣೆ ಕಂಡ. 1833-34ರಲ್ಲಿ ವಿದ್ಯುದ್ವಿಭಜನೆಯ ನಿಯಮಗಳು. ಇದರ ಮೇಲೆ ಎರಡು ಮಾರ್ಕಿನ ಪ್ರಶ್ನೆ ಬರುತ್ತದೆ, ಓದಿಕೊಳ್ಳಿ.

ನನಗೆ ಮುಖ್ಯವಾದದ್ದು 1836. ಬಾಸೆಲ್‌ನಿಂದ ಷೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಒಂದು ವಿಚಿತ್ರವನ್ನು ಫ್ಯಾರಡೆಗೆ ಬರೆದು ತಿಳಿಸಿದ. ಕಬ್ಬಿಣವನ್ನು ತೆಳು ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಭುಸುಗುಟ್ಟಿ ಕರಗುತ್ತದೆ. ಬಹಳ ಗಾಢವಾದ ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಏನೂ ಆಗುವುದಿಲ್ಲ. ಅಷ್ಟೇ ಅಲ್ಲ, ಹಾಗೆ ಅದ್ದಿ ತೆಗೆದ ಕಬ್ಬಿಣವನ್ನು ಆಮೇಲೆ ತೆಳು ಆಮ್ಲಕ್ಕೆ ಹಾಕಿದರೂ ಸುಮ್ಮನಿರುತ್ತದೆ. ಮೇಲೆ ಗೀಚಿದರೆ ಮಾತ್ರ ತಟ್ಟನೆ ಕರಗಲು ಶುರು. (ಇದನ್ನು ಯಾರೂ ಮನೆಯಲ್ಲಿ ಮಾಡಬೇಡಿ. ಲ್ಯಾಬ್‌ನಲ್ಲೂ ಸರ್ ಇಲ್ಲದೆ ಬೇಡ.) ಫ್ಯಾರಡೆ ಯೋಚಿಸಿ ಹೇಳಿದ್ದು ಇಷ್ಟು: ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರವೊಂದು ಕೂತಿರಬೇಕು, ಅದೇ ಅದನ್ನು ಕಾಯುತ್ತಿದೆ. ಆಕ್ಸಿಜನ್ ಕಬ್ಬಿಣದ ಶತ್ರು ಎಂದು ನಾವೆಲ್ಲ ತಿಳಿದಿದ್ದೆವು. ಅದೇ ಆಕ್ಸಿಜನ್ ತೆಳುವಾಗಿ, ಬಿಗಿಯಾಗಿ ಕೂತರೆ ಕಾವಲುಗಾರ!

ಸ್ಟೇನ್‌ಲೆಸ್ ಉಕ್ಕಿನ ಗುಟ್ಟು ಇದೇ. ಕ್ರೋಮಿಯಂ ಸಾಕಷ್ಟಿದ್ದರೆ ಗಾಳಿಯ ಆಕ್ಸಿಜನ್ ಅದರ ಜೊತೆ ಸೇರಿ ಒಂದು ಪದರ ಕಟ್ಟುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಎರಡೋ ಮೂರೋ ಪಾಲು. ಗೀಚಿದರೆ ಗಾಳಿ ತಾಗಿದ ಕೂಡಲೇ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಫ್ಯಾರಡೆಯ ಬಲಗೈಯಲ್ಲಿ 1822ರಿಂದ ಕ್ರೋಮಿಯಂ ಉಕ್ಕು ಇತ್ತು. ಎಡಗೈಯಲ್ಲಿ 1836ರಲ್ಲಿ ಆಕ್ಸೈಡ್ ಪದರದ ತಿಳಿವು ಬಂತು. ಎರಡು ಕೈಗಳೂ ಒಂದೇ ಮನುಷ್ಯನವು. ಅವು ಸೇರಲಿಲ್ಲ. ಅಷ್ಟರಲ್ಲಿ ಅವನು ಉಕ್ಕನ್ನು ಬಿಟ್ಟು ಬಹಳ ದೂರ ಬಂದಿದ್ದ. ಇದನ್ನು ಓದಿದ ರಾತ್ರಿ ನನಗೆ ನಿಜವಾಗಿಯೂ ಬೇಸರವಾಯಿತು. ನಮ್ಮ ಸರ್‌ಗೆ ಹೇಳಿದರೆ ಅವರು ನಕ್ಕು, ಅವನು ಉಕ್ಕಿನಲ್ಲೇ ಉಳಿದಿದ್ದರೆ ನಿನ್ನ ಮನೆಗೆ ಕರೆಂಟು ಎಲ್ಲಿಂದ ಬರುತ್ತಿತ್ತು ಎಂದರು. ಸರಿಯೇ ಇರಬಹುದು. ಆದರೂ ಬೇಸರ ಬೇಸರವೇ.

ಎರಡೂ ಸೇರಲು 1913ರ ತನಕ ಕಾಯಬೇಕಾಯಿತು. ಶೆಫೀಲ್ಡ್ ಊರಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದ ಉಕ್ಕು ಹುಡುಕುತ್ತಾ 12.8 ಪಾಲು ಕ್ರೋಮಿಯಂ ಹಾಕಿ ಎರಕ ಹೊಯ್ದ. ಆಮ್ಲಕ್ಕೆ ಜಗ್ಗದ ಆ ಉಕ್ಕು ಚಾಕುವಿಗೆ ಒಳ್ಳೆಯದೆಂದು ಅವನಿಗೆ ಹೊಳೆಯಿತು. ಅವನೂ ಬಡ ಉಕ್ಕುಗಾರನ ಮಗ, ಅವನೂ ಲ್ಯಾಬ್‌ನಲ್ಲಿ ಬಾಟಲಿ ತೊಳೆಯುತ್ತಾ ಶುರು ಮಾಡಿದವನು. ಬಾಟಲಿ ತೊಳೆಯುವ ಕೆಲಸವನ್ನು ಕೀಳಾಗಿ ನೋಡುವ ನಮ್ಮ ಬ್ಯಾಚಿನ ಕೆಲವರಿಗಾಗಿ ಇದನ್ನು ಬರೆದಿದ್ದೇನೆ, ಹೆಸರು ಹೇಳುವುದಿಲ್ಲ.

ಹಾಗಾದರೆ ನನ್ನ ಚಾಕುವಿಗೆ ಏನಾಯಿತು? ಉಪ್ಪಿನಲ್ಲಿರುವ ಕ್ಲೋರೈಡ್ ಆ ತೆಳು ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತೂತು ಬಿದ್ದ ಜಾಗ ಗಾಳಿಗೆ ತೆರೆದಿದ್ದರೆ ಪದರ ಮತ್ತೆ ಕಟ್ಟಿಕೊಳ್ಳಬಹುದು. ಆದರೆ ಮಡಚಿದ ಚಾಕುವಿನ ಕೀಲಿನೊಳಗೆ ಒದ್ದೆ ಇದೆ, ಗಾಳಿ ಇಲ್ಲ. ಅಲ್ಲಿ ಕಾವಲುಗಾರನಿಗೆ ಊಟವಿಲ್ಲ. ಕುಳಿ ಒಳಗೊಳಗೇ ಆಳವಾಗುತ್ತದೆ. ಇನ್ನೊಂದು ಕಾರಣವೂ ಇದೆ. ಹರಿತ ನಿಲ್ಲಬೇಕೆಂದು ಚಾಕುವಿನ ಉಕ್ಕಿಗೆ ಇಂಗಾಲ ಹೆಚ್ಚು ಹಾಕಿರುತ್ತಾರೆ. ಆ ಇಂಗಾಲ ಸ್ವಲ್ಪ ಕ್ರೋಮಿಯಂ ಅನ್ನು ತನ್ನ ಜೊತೆ ಕಟ್ಟಿಹಾಕಿಕೊಳ್ಳುತ್ತದೆ, ಪದರಕ್ಕೆ ಉಳಿಯುವುದು ಕಡಿಮೆ. ಅಡುಗೆಮನೆಯ ಸ್ಟೀಲ್ ತಟ್ಟೆಗಳಲ್ಲಿ ಸಾಮಾನ್ಯವಾಗಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ, ಆದ್ದರಿಂದ ಅವು ಹೆಚ್ಚು ತಾಳುತ್ತವೆ. ಒಂದು ಅಯಸ್ಕಾಂತ ಹಿಡಿದು ನೋಡಿ. ಚಾಕು ಬಲವಾಗಿ ಅಂಟುತ್ತದೆ, ಅಂಥ ತಟ್ಟೆ ಅಂಟುವುದಿಲ್ಲ ಅಥವಾ ಅಂಟಿಯೂ ಅಂಟದಂತಿರುತ್ತದೆ. ಹೆಸರು ಒಂದೇ, ಉಕ್ಕು ಬೇರೆ.

ಫ್ಯಾರಡೆಯ ಕೊನೆಯ ವರ್ಷಗಳು ಸುಖದವಲ್ಲ. ನೆನಪಿನ ಶಕ್ತಿ ಕುಂದಿತು. ತಾನು ಮಾಡಿದ ಪ್ರಯೋಗವನ್ನೇ ಮರೆತು ಮತ್ತೆ ಮಾಡುವ ಸ್ಥಿತಿ. ದಿನಚರಿಗೆ ನಂಬರು ಹಾಕುತ್ತಿದ್ದ ಅಭ್ಯಾಸ ಆಗ ಅವನಿಗೆ ಊರುಗೋಲಾಯಿತು. ಸರ್ ಎಂಬ ಪದವಿ ಬೇಡವೆಂದ, ರಾಯಲ್ ಸೊಸೈಟಿಯ ಅಧ್ಯಕ್ಷತೆಯೂ ಬೇಡವೆಂದ. ತನ್ನ ಸಣ್ಣ ಪಂಥದ ಪ್ರಾರ್ಥನಾ ಮಂದಿರಕ್ಕೆ ಹೋಗುವುದನ್ನು ತಪ್ಪಿಸಲಿಲ್ಲ. ಹೆಂಡತಿ ಸಾರಾ ಕೊನೆತನಕ ಜೊತೆಗಿದ್ದಳು, ಮಕ್ಕಳಿರಲಿಲ್ಲ. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ ತೀರಿಕೊಂಡ.

ಅವನ ಉಕ್ಕಿನ ತುಂಡುಗಳು ಒಂದು ಮರದ ಪೆಟ್ಟಿಗೆಯಲ್ಲಿ ಉಳಿದಿದ್ದವು. ಒಟ್ಟು 79. ಪೆಟ್ಟಿಗೆಯ ಮೇಲೆ ಅವನ ಹೆಸರು. ನೂರು ವರ್ಷ ಅವುಗಳ ಗೊಡವೆಗೆ ಯಾರೂ ಹೋಗಿರಲಿಲ್ಲ. 1930ರ ಸುಮಾರಿಗೆ ರಾಬರ್ಟ್ ಹ್ಯಾಡ್‌ಫೀಲ್ಡ್ ಎಂಬ ಉಕ್ಕಿನ ತಜ್ಞ ಅವನ್ನು ತೆಗೆಸಿ, ಒಂದೊಂದನ್ನೂ ಪರೀಕ್ಷಿಸಿ, 1931ರಲ್ಲಿ ಪುಸ್ತಕವನ್ನೇ ಬರೆದ.

ಪೆಟ್ಟಿಗೆಯ ಸಂಗತಿ ಓದಿದ ಮೇಲೆ ನಾನು ಮುಚ್ಚಿಡದೆ ಚಾಕುವನ್ನು ಹರಿಹರಕ್ಕೆ ಒಯ್ದೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಅಷ್ಟೂ ಹೊತ್ತು ಏನು ಹೇಳಬೇಕೆಂದು ಲೆಕ್ಕ ಹಾಕುತ್ತಿದ್ದೆ. ಕ್ಲೋರೈಡು, ಪದರ, ಇಂಗಾಲ ಎಲ್ಲ ಹೇಳಿದೆ. ನಾನಾ ಕೇಳಿಸಿಕೊಂಡರು, ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಕುಳಿಗಳನ್ನು ಉಗುರಿನಿಂದ ಮುಟ್ಟಿ ನೋಡಿದರು. ಬಿಸಿ ಸೋಪಿನ ನೀರಿನಲ್ಲಿ ನೆನೆಹಾಕಿ, ಹಳೆಯ ಬ್ರಷ್ಷಿನಿಂದ ಕೀಲು ಉಜ್ಜಿ, ಅಡುಗೆ ಸೋಡಾ ಮೆತ್ತಿ ತಿಕ್ಕಿ, ಬಿಸಿಲಿಗೆ ಒಣಗಿಸಿದರು. ಸ್ಟೀಲ್ ಉಲ್ಲನ್ ತರಲು ಹೋದ ನನ್ನನ್ನು ತಡೆದರು. ಅದರ ಕಬ್ಬಿಣದ ಚೂರು ಅಲಗಿನಲ್ಲಿ ಕೂತರೆ ಅದೇ ಮತ್ತೆ ತುಕ್ಕಾಗುತ್ತದೆಯಂತೆ. ಕಂದು ಕಲೆ ಹೋಯಿತು. ಕುಳಿಗಳು ಹೋಗಲಿಲ್ಲ, ಹೋಗುವುದೂ ಇಲ್ಲ.

ಕೀಲಿಗೆ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟು ಹತ್ತು ಸಲ ಮಡಚಿ ಬಿಚ್ಚಿದರು. ಹತ್ತನೆಯ ಸಲ ಸದ್ದಿರಲಿಲ್ಲ. ಆಮೇಲೆ ಟ್ರಂಕು ತೆರೆದು, ತಮ್ಮ ಎಣ್ಣೆ ಬಟ್ಟೆಯಿಂದ ಅಂಗೈಯಗಲ ಕತ್ತರಿಸಿ, ಅದೇ ಚಾಕುವಿನಿಂದಲೇ ಕತ್ತರಿಸಿ, ಎರಡನ್ನೂ ನನ್ನ ಕೈಗೆ ಕೊಟ್ಟರು.